ಹೆಬ್ರೋನಿನ ಏಳೂವರೆ ವರ್ಷ

ಯುವಜನರ ಆರಾಧನೆ, ಭಾನುವಾರ ಸಂಜೆಯ ಸಂದೇಶ
ವಾಕ್ಯಭಾಗ: 2 ಸಮುವೇಲನು 2ರಿಂದ 5ನೇ ಅಧ್ಯಾಯ, ಯೆಹೆಜ್ಕೇಲನು 37:15–22, ಎಫೆಸದವರಿಗೆ 2:14–16

ಕೂತ್ಕೊಳ್ಳಿ. ಮೊಬೈಲ್‌ನಲ್ಲಿ ಬೈಬಲ್ ಓದುವವರು ಮೊದಲು ಡೇಟಾ ಆಫ್ ಮಾಡಿ. ವಾಟ್ಸಾಪ್ ಸಂದೇಶ ಆಮೇಲೆ ಬರ್ಲಿ, ಈಗ ದೇವರ ಸಂದೇಶ ಬರ್ಲಿ. ಆಮೆನ್?

2 ಸಮುವೇಲ ಐದನೇ ಅಧ್ಯಾಯ, ಒಂದರಿಂದ ಐದು. ಈಗಷ್ಟೇ ನಮ್ಮ ತಂಗಿ ಓದಿದ್ರು. ಇಸ್ರಾಯೇಲಿನ ಎಲ್ಲಾ ಕುಲಗಳವರು ಹೆಬ್ರೋನಿಗೆ ಬರ್ತಾರೆ. ದಾವೀದನಿಗೆ ಎಂತ ಹೇಳ್ತಾರೆ? ನಾವು ನಿನ್ನ ರಕ್ತಸಂಬಂಧಿಗಳೇ, ನೀನೇ ನಮ್ಮ ಅರಸ ಅಂತ. ದಾವೀದ ಕರ್ತನ ಮುಂದೆ ಅವರ ಜೊತೆ ಒಡಂಬಡಿಕೆ ಮಾಡ್ತಾನೆ. ಅವರು ಅವನನ್ನು ಅಭಿಷೇಕ ಮಾಡ್ತಾರೆ. ಅಲ್ಲಿಗೆ ದಕ್ಷಿಣದ ಯೆಹೂದ, ಉತ್ತರದ ಇಸ್ರಾಯೇಲ್, ಎರಡು ರಾಜ್ಯಗಳು ಒಂದೇ ಕಿರೀಟದ ಕೆಳಗೆ ಬಂದವು.

ಓದುವುದಕ್ಕೆ ಒಂದು ನಿಮಿಷ. ಆಗುವುದಕ್ಕೆ ಎಷ್ಟು ಸಮಯ ಹಿಡಿಯಿತು? ಐದನೇ ವಚನ ನೋಡಿ. ಹೆಬ್ರೋನಿನಲ್ಲಿ ಏಳು ವರ್ಷ ಆರು ತಿಂಗಳು. ಇವತ್ತು ನಾನು ಮಾತಾಡುವುದು ಈ ಏಳೂವರೆ ವರ್ಷದ ಬಗ್ಗೆ. ಸಂಡೇ ಸ್ಕೂಲಿನಲ್ಲಿ ಗೊಲ್ಯಾತನ ಕಥೆ ಹೇಳ್ತಾರೆ, ಕವಣೆ, ಐದು ಕಲ್ಲು ಎಲ್ಲ ನಮಗೆ ಬಾಯಿಪಾಠ. ಆದರೆ ಈ ನಾಲ್ಕು ಅಧ್ಯಾಯಗಳನ್ನು ನಾವು ಬೇಗ ಬೇಗ ದಾಟಿ ಬಿಡ್ತೇವೆ. ಈ ತಿಂಗಳಲ್ಲಿ ನಾವು ದಾಟಿ ಹೋಗಬಾರದು. ಕಾರಣ ನಿಮಗೆಲ್ಲ ಗೊತ್ತುಂಟು.

ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮ ಸಭೆಯೂ ಸೇತುವೆಯ ಆಚೆಯ ಸಭೆಯೂ ಒಂದಾಗ್ತಾ ಇವೆ. ಎಂಟು ವರ್ಷದ ಹಿಂದೆ ಒಂದೇ ಸಭೆಯಾಗಿದ್ದದ್ದು ಒಡೆದು ಎರಡಾಯಿತು. ನಾನು ಇಲ್ಲಿಗೆ ಬಂದದ್ದು ಅದಾದ ಮೇಲೆ. ಯಾರದು ಸರಿ, ಯಾರದು ತಪ್ಪು ಅಂತ ತೀರ್ಪು ಕೊಡಲಿಕ್ಕೆ ನಾನು ಈಗ ನಿಂತದ್ದಲ್ಲ. ಎರಡೂ ಕಡೆಯ ಹಿರಿಯರು ಒಂದೂವರೆ ವರ್ಷ ಕೂತು, ಪ್ರಾರ್ಥನೆ ಮಾಡಿ, ಅತ್ತು, ಒಪ್ಪಿಕೊಂಡಿದ್ದಾರೆ. ಹಿರಿಯರು ಒಪ್ಪಿದ್ದಾರೆ. ಈಗ ಪ್ರಶ್ನೆ ಇರುವುದು ನಿಮ್ಮ ಹತ್ತಿರ, ಯುವಕರ ಹತ್ತಿರ, ಯುವತಿಯರ ಹತ್ತಿರ.

ಮೊದಲು ನಮ್ಮ ಊರಿನದೇ ಒಂದು ಚರಿತ್ರೆ ಹೇಳ್ತೇನೆ.

ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಕೇಳದವರು ಇಲ್ಲಿ ಇಲ್ಲ. ಪ್ರತಿಮೆ ನೋಡಿದ್ದೀರಿ. ಕೋಸ್ಟ್ ಗಾರ್ಡಿನ ಒಂದು ಹಡಗಿಗೆ ಕೂಡ ಆ ಹೆಸರುಂಟು. ನೇತ್ರಾವತಿಯ ಆಚೆ ಉಳ್ಳಾಲ, ಅದು ಚೌಟರ ನಾಡು. ಈಚೆ ಮಂಗಳೂರಿನ ಕಡೆ ಬಂಗರ ನಾಡು. ಎರಡೂ ಜೈನ ಅರಸು ಮನೆತನಗಳು. ನಡುವೆ ಒಂದು ನದಿ, ಅಷ್ಟೇ. ಉಳ್ಳಾಲದ ರಾಣಿಗೂ ಬಂಗ ಅರಸನಿಗೂ ಮದುವೆಯಾಗಿತ್ತು. ನೀವು ಹೇಳಬಹುದು, ಹಾಗಾದ್ರೆ ಎರಡು ರಾಜ್ಯ ಒಂದಾಯಿತಲ್ಲ ಅಂತ. ಇಲ್ಲ ಮಾರಾಯ್ರೆ, ಆಗಲಿಲ್ಲ. ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು. ಪಟ್ಟ ಹೋಗುವುದು ಸಹೋದರಿಯ ಮಕ್ಕಳಿಗೆ. ಗಂಡನ ಪಟ್ಟ ಗಂಡನ ಮನೆತನಕ್ಕೆ, ಹೆಂಡತಿಯ ಪಟ್ಟ ಹೆಂಡತಿಯ ಮನೆತನಕ್ಕೆ. ಮದುವೆಯಿಂದ ಎರಡು ಕಿರೀಟ ಸೇರುವ ದಾರಿಯೇ ಇರಲಿಲ್ಲ. ಅವಳು ಅವಳ ನಾಡಿನಲ್ಲಿ ರಾಣಿ, ಅವನು ಅವನ ನಾಡಿನಲ್ಲಿ ಅರಸ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅಂತ ಒಬ್ಬ ಇಟಲಿಯ ಪ್ರವಾಸಿ ಈ ಕಡೆ ಬಂದಿದ್ದ. ಮಂಗಳೂರಿನ ಹತ್ತಿರ ಅವನು ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಆಕೆ ಬರಿಗಾಲಿನಲ್ಲಿ ನಡೆದುಕೊಂಡು, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲಿಕ್ಕೆ ಹೊರಟಿದ್ದಳಂತೆ. ಎಂಥ ರಾಣಿ ನೋಡಿ! ಆ ಗಂಡ ಹೆಂಡತಿಯ ಜಗಳದ ಬಗ್ಗೆಯೂ ಅವನು ಬರೆದಿದ್ದಾನೆ. ಮನಸ್ಸು ಮುರಿಯಿತು. ಗಂಡ ಕೊಟ್ಟ ಆಭರಣಗಳನ್ನೆಲ್ಲ ಆಕೆ ವಾಪಸ್ ಕಳಿಸಿದಳು. ಸಂಬಂಧ ಮುಗಿಯಿತು ಅಂತ ಅರ್ಥ. ಅಲ್ಲಿಂದ ಹಗೆ ಶುರು. ಅವನು ಪೋರ್ಚುಗೀಸರ ಸಹಾಯ ಕೇಳಿದ. ಪೋರ್ಚುಗೀಸರಿಗೆ 1568ರಿಂದಲೇ ಮಂಗಳೂರಿನಲ್ಲಿ ಕೋಟೆ ಇತ್ತು. ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಸಹಾಯ ಕೇಳಿದಳು. ಯುದ್ಧ ಆಯಿತು. ಬಂಗ ಸೋತ, ಅವನ ನಾಡು ಕೈತಪ್ಪಿತು. ಗೆದ್ದ ರಾಣಿ ಆದರೂ ಎಂತ ಗಳಿಸಿದಳು? ಮುಂದೆ ಈ ಕರಾವಳಿಯೆಲ್ಲ ಇಕ್ಕೇರಿಯ ನೆರಳಿಗೆ ಬಂತು. ನದಿಯ ಈಚೆಯವರೂ ಆಚೆಯವರೂ ತಾವಾಗಿ ಒಂದಾಗಲಿಲ್ಲ. ಮೂರನೆಯವನು ಬಂದು ಇಬ್ಬರ ಮೇಲೂ ಕೂತ.

ಇದನ್ನು ಹೇಳುವಾಗ ಕ್ರೈಸ್ತರಾದ ನಾವು ಒಂದು ವಿಷಯ ಮುಚ್ಚಿಡಬಾರದು. ಆ ಜಗಳದಲ್ಲಿ ಬಂದ ಪೋರ್ಚುಗೀಸರು ಶಿಲುಬೆಯ ಗುರುತು ಹೊತ್ತು ಬಂದವರು. ಎರಡು ಮನೆಗಳ ಬಿರುಕಿನಲ್ಲಿ ವ್ಯಾಪಾರ ನೋಡಿದವರು. ಹಡಗಿನ ಮೇಲೆ ಶಿಲುಬೆ ಇದ್ದ ಮಾತ್ರಕ್ಕೆ ಆ ಹಡಗು ಶಿಲುಬೆಯ ಕೆಲಸ ಮಾಡ್ತದೆ ಅಂತ ಇಲ್ಲ. ಸಭೆಯ ಬೋರ್ಡಿನ ಮೇಲೆ ಶಿಲುಬೆ ಇದ್ದ ಮಾತ್ರಕ್ಕೂ ಇಲ್ಲ.

ಈಗ ದಾವೀದನ ಹತ್ತಿರ ಬರೋಣ. ಮೂರು ವಿಷಯ ಹೇಳ್ತೇನೆ, ಬರ್ಕೊಳ್ಳಿ.

1. ಅಭಿಷೇಕ ಸಿಕ್ಕಿದ ಮೇಲೂ ಅವನು ಕಾದ

ದಾವೀದನಿಗೆ ಮೊದಲ ಅಭಿಷೇಕ ಯಾವಾಗ ಆಯಿತು? ಬೇತ್ಲೆಹೇಮಿನಲ್ಲಿ, ಹುಡುಗನಾಗಿದ್ದಾಗ, ಸಮುವೇಲನ ಕೈಯಿಂದ. ಇಡೀ ಇಸ್ರಾಯೇಲಿಗೆ ಅರಸನಾಗುವವನು ಇವನೇ ಅಂತ ದೇವರು ಆವತ್ತೇ ಹೇಳಿಯಾಗಿತ್ತು. ಈಗ ಸೌಲ ಸತ್ತ. ದಾರಿ ಖಾಲಿ. ನಾವಾಗಿದ್ರೆ? ಸ್ಟೇಟಸ್ ಹಾಕಿ, ಬ್ಯಾನರ್ ಕಟ್ಟಿ, ಆವತ್ತೇ ಹೊರಡ್ತಿದ್ದೆವು. ದಾವೀದ ಎಂತ ಮಾಡಿದ? ಎರಡನೇ ಅಧ್ಯಾಯ ಒಂದನೇ ವಚನ. ಕರ್ತನೇ, ನಾನು ಹೋಗಲಾ? ಹೋಗು. ಯಾವ ಊರಿಗೆ? ಹೆಬ್ರೋನಿಗೆ. ವಾಗ್ದಾನ ಕೈಯಲ್ಲಿದ್ದವನು ವಿಳಾಸ ಕೇಳ್ತಾನೆ. ಹಲ್ಲೆಲೂಯಾ!

ಹೆಬ್ರೋನಿಗೆ ಹೋದ. ಯೆಹೂದದವರು ಬಂದು ಅಭಿಷೇಕ ಮಾಡಿದ್ರು. ಒಂದು ಕುಲ ಮಾತ್ರ. ಉಳಿದವರಿಗೆ ಸೇನಾಪತಿ ಅಬ್ನೇರ ಸೌಲನ ಮಗ ಈಷ್ಬೋಶೆತನನ್ನು ಅರಸನಾಗಿ ಮಾಡಿಟ್ಟ. ದೇವರು ಪೂರ್ತಿ ಕೊಡ್ತೇನೆ ಅಂದದ್ದರಲ್ಲಿ ದಾವೀದನಿಗೆ ಸಿಕ್ಕಿದ್ದು ಒಂದು ತುಂಡು. ಆ ತುಂಡಿನಲ್ಲಿ ಅವನು ಏಳೂವರೆ ವರ್ಷ ನಿಷ್ಠೆಯಿಂದ ಇದ್ದ.

ಅಲ್ಲಿ ಅವನು ಮಾಡಿದ ಮೊದಲ ಕೆಲಸ ನೋಡಿ. ಯಾಬೇಷ್ ಗಿಲ್ಯಾದಿನವರಿಗೆ ದೂತರನ್ನು ಕಳಿಸಿದ. ಅವರು ಯಾರು? ಸೌಲನ ಕಡೆಯ ಜನ. ಸೌಲನ ಶವವನ್ನು ಮರ್ಯಾದೆಯಿಂದ ಹೂಣಿಟ್ಟವರು. ನೀವು ನಿಮ್ಮ ಒಡೆಯನಿಗೆ ದಯೆ ತೋರಿಸಿದ್ದೀರಿ, ದೇವರು ನಿಮ್ಮನ್ನು ಆಶೀರ್ವದಿಸಲಿ ಅಂತ ಹೇಳಿ ಕಳಿಸಿದ. ಆಚೆ ಕಡೆಯವರು ಮಾಡಿದ ಒಳ್ಳೆಯ ಕೆಲಸವನ್ನು ಹುಡುಕಿ ಹೊಗಳಿದ. ಒಂದಾಗುವುದಕ್ಕೆ ಏಳು ವರ್ಷ ಮೊದಲೇ! ನಿಮಗೊಂದು ಪ್ರಶ್ನೆ. ಸೇತುವೆಯ ಆಚೆಯ ಸಭೆಯವರು ಈ ಎಂಟು ವರ್ಷದಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ ಅಂದ್ರೆ ನಮ್ಮಲ್ಲಿ ಎಷ್ಟು ಜನ ಹೇಳ್ತಾರೆ? ಕೊರೊನಾ ಸಮಯದಲ್ಲಿ ಅವರು ನಮ್ಮ ಸಭೆಯ ಎರಡು ಮನೆಗಳಿಗೂ ರೇಷನ್ ಕಿಟ್ ತಲುಪಿಸಿದ್ದಾರೆ. ಯಾವ ಸಭೆ ಅಂತ ಕೇಳದೆ ಕೊಟ್ಟಿದ್ದಾರೆ. ಗೊತ್ತಿತ್ತಾ?

ಅದೇ ಅಧ್ಯಾಯದಲ್ಲಿ ಇನ್ನೊಂದು ದೃಶ್ಯ ಉಂಟು. ಗಿಬ್ಯೋನಿನ ಕೊಳ. ಕೊಳದ ಈಚೆ ಯೋವಾಬನ ಜನ, ಆಚೆ ಅಬ್ನೇರನ ಜನ. ದೊಡ್ಡವರು ಕೂತಿದ್ದಾರೆ. ಅಬ್ನೇರ ಹೇಳ್ತಾನೆ, ಯುವಕರು ಎದ್ದು ನಮ್ಮ ಮುಂದೆ ಕೈಚಳಕ ತೋರಿಸಲಿ. ಯೋವಾಬ ಆಗಲಿ ಅಂತಾನೆ. ಆ ಕಡೆಯಿಂದ ಹನ್ನೆರಡು, ಈ ಕಡೆಯಿಂದ ಹನ್ನೆರಡು. ಒಬ್ಬೊಬ್ಬ ಎದುರಿನವನ ತಲೆ ಹಿಡಿದು ಪಕ್ಕೆಗೆ ಕತ್ತಿ ಹಾಕಿದ. ಇಪ್ಪತ್ತನಾಲ್ಕು ಜನವೂ ಒಟ್ಟಿಗೇ ಬಿದ್ರು. ಯಾರು ಗೆದ್ರು? ಯಾರೂ ಇಲ್ಲ. ಆ ದಿನದ ಕೊನೆಗೆ ದಾವೀದನ ಕಡೆ ಅಸಾಹೇಲನನ್ನು ಬಿಟ್ಟು ಹತ್ತೊಂಬತ್ತು ಹೆಣ, ಅಬ್ನೇರನ ಕಡೆ ಮುನ್ನೂರ ಅರವತ್ತು.

ತಮ್ಮಂದಿರೇ, ತಂಗಿಯಂದಿರೇ, ದೊಡ್ಡವರ ಜಗಳದಲ್ಲಿ ಕತ್ತಿ ಹಿಡಿದು ಮುಂದೆ ಬರುವುದು ಯಾವಾಗಲೂ ಯುವಕರು. ಎಂಟು ವರ್ಷದ ಹಿಂದಿನ ಜಗಳ ಜಾಗದ ಕಾಗದದ್ದು. ಆವಾಗ ನಿಮ್ಮಲ್ಲಿ ಎಷ್ಟೋ ಜನ ಹೈಸ್ಕೂಲಿನಲ್ಲಿದ್ರಿ. ಆ ಕಾಗದ ನೀವು ನೋಡಿಲ್ಲ. ಆದರೂ ನಿಮ್ಮ ಬೆರಳು ಇವತ್ತು ಕೀಪ್ಯಾಡಿನ ಮೇಲೆ ಕತ್ತಿಯ ಹಾಗೆ ಓಡ್ತದೆ. ಆಚೆಯ ಸಭೆಯಲ್ಲಿಯೂ ಹನ್ನೆರಡು ಜನ ಹೀಗೇ ಇದ್ದಾರೆ. ಅವರು ನಿಮ್ಮ ಜೊತೆ ಒಂದೇ ಕಾಲೇಜಿನಲ್ಲಿ ಓದ್ತಾರೆ. ಒಂದೇ ಬಸ್ಸಿನಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿತಾರೆ. ಯಾರು ಗೆಲ್ತಾರೆ ಹೇಳಿ?

2. ರಕ್ತದ ಮೇಲೆ ಒಂದಾಗಲಿಕ್ಕೆ ಅವನು ಒಪ್ಪಲಿಲ್ಲ

ಮೂರನೇ ಅಧ್ಯಾಯ. ಅಬ್ನೇರನಿಗೂ ಈಷ್ಬೋಶೆತನಿಗೂ ಮನಸ್ತಾಪ ಆಯಿತು. ಅಬ್ನೇರ ದಾವೀದನ ಹತ್ತಿರ ಬಂದ, ಇಡೀ ಇಸ್ರಾಯೇಲನ್ನು ನಿನ್ನ ಕಡೆ ತರ್ತೇನೆ ಅಂದ. ದಾವೀದ ಅವನಿಗೆ ಔತಣ ಮಾಡಿಸಿ ಸಮಾಧಾನದಿಂದ ಕಳಿಸಿದ. ಆದರೆ ಯೋವಾಬ ಅವನನ್ನು ಹಿಂದಕ್ಕೆ ಕರೆಸಿ, ಹೆಬ್ರೋನಿನ ಬಾಗಿಲಲ್ಲಿ ಗುಟ್ಟು ಮಾತಾಡುವ ನೆಪದಲ್ಲಿ ಕೊಂದ. ತಮ್ಮ ಅಸಾಹೇಲನ ಸೇಡು. ಆಗ ದಾವೀದ ಎಂತ ಮಾಡಿದ? ಬಟ್ಟೆ ಹರಿದುಕೊಂಡು, ಶವದ ಹಿಂದೆ ನಡೆದು, ಸಮಾಧಿಯ ಹತ್ತಿರ ಗಟ್ಟಿಯಾಗಿ ಅತ್ತ. ಸೂರ್ಯ ಮುಳುಗುವ ತನಕ ಊಟ ಮುಟ್ಟಲಿಲ್ಲ. ಅದನ್ನು ನೋಡಿದ ಮೇಲೆ ಜನರಿಗೆ ಗೊತ್ತಾಯಿತು, ಇದು ಅರಸನ ಇಚ್ಛೆಯಿಂದ ಆದದ್ದಲ್ಲ ಅಂತ.

ದಾವೀದನನ್ನು ನಾನು ಪೂರ್ತಿ ಸಮರ್ಥಿಸುವುದಿಲ್ಲ. ಅದೇ ಅಧ್ಯಾಯದಲ್ಲಿ ಅವನು ಮೀಕಲಳನ್ನು ವಾಪಸ್ ಕೇಳ್ತಾನೆ. ಸೌಲನ ಮಗಳು, ಅವನ ಮೊದಲ ಹೆಂಡತಿ. ಅಷ್ಟರಲ್ಲಿ ಸೌಲ ಅವಳನ್ನು ಪಲ್ಟೀಯೇಲನಿಗೆ ಕೊಟ್ಟಿದ್ದ. ಅವಳನ್ನು ಕರೆದುಕೊಂಡು ಹೋಗುವಾಗ ಆ ಮನುಷ್ಯ ಬಹುರೀಮಿನ ತನಕ ಅಳುತ್ತಾ ಹಿಂದೆ ಬಂದ. ಬೈಬಲ್ ಅದನ್ನು ಮುಚ್ಚಿಡುವುದಿಲ್ಲ. ಎರಡು ಮನೆತನ ಸೇರಿಸಲಿಕ್ಕೆ ಒಬ್ಬ ಹೆಣ್ಣುಮಗಳನ್ನು ಸೇತುವೆ ಮಾಡಿದ್ರು. ಆ ಸೇತುವೆ ನಿಲ್ಲಲಿಲ್ಲ. ಮುಂದೆ ಅದೇ ಮೀಕಲ್ ದಾವೀದನನ್ನು ಹೃದಯದಲ್ಲಿ ತಿರಸ್ಕರಿಸಿದಳು. ಆಭರಣ ವಾಪಸ್ ಬಂದ ಹಾಗೆ. ಹಾಗಾಗಿ ಹಿರಿಯರಿಗೂ ಒಂದು ಮಾತು. ಸಭೆಗಳು ಒಂದಾಗ್ತಾ ಇವೆ, ಇಬ್ಬರು ಮಕ್ಕಳ ಮದುವೆಯನ್ನೂ ಮಾಡಿಬಿಟ್ರೆ ಗಟ್ಟಿಯಾಗ್ತದೆ ಅಂತ ಕೆಲವರು ಹೇಳುವುದು ಕೇಳಿದ್ದೇನೆ. ದಯವಿಟ್ಟು ಬೇಡ. ನಮ್ಮ ಹುಡುಗಿಯರು ನಮ್ಮ ಒಪ್ಪಂದದ ಕಾಗದ ಅಲ್ಲ.

ನಾಲ್ಕನೇ ಅಧ್ಯಾಯ ಈ ಸಂದೇಶದ ಹೃದಯ. ರೇಕಾಬ, ಬಾಣ ಅಂತ ಇಬ್ಬರು ಅಣ್ಣತಮ್ಮಂದಿರು. ಮಧ್ಯಾಹ್ನದ ಬಿಸಿಲಿಗೆ ಈಷ್ಬೋಶೆತ ಮಲಗಿದ್ದಾಗ ಒಳಗೆ ನುಗ್ಗಿ ಅವನನ್ನು ಕೊಂದು, ತಲೆ ಕಡಿದು, ರಾತ್ರಿಯಿಡೀ ನಡೆದು ಹೆಬ್ರೋನಿಗೆ ತಂದ್ರು. ಅರಸನೇ, ನೋಡು, ನಿನ್ನ ವೈರಿಯ ತಲೆ. ಕರ್ತನು ನಿನ್ನ ಸೇಡು ತೀರಿಸಿದ್ದಾನೆ. ಗಮನಿಸಿ, ಕರ್ತನ ಹೆಸರು ಹೇಳಿಯೇ ತಂದದ್ದು! ರಾಜಕೀಯವಾಗಿ ನೋಡಿದ್ರೆ ದಾವೀದನಿಗೆ ಅದು ಬೇಕಾದ ಸುದ್ದಿ. ದಾರಿಯಲ್ಲಿದ್ದ ಕೊನೆಯ ಅಡ್ಡಿ ಹೋಯಿತು. ಆದರೆ ದಾವೀದ ಆ ಕಾಣಿಕೆ ತೆಗೆದುಕೊಳ್ಳಲಿಲ್ಲ. ಮಲಗಿದ್ದ ನಿರಪರಾಧಿಯನ್ನು ಕೊಂದವರು ಅಂತ ಅವರಿಗೆ ಶಿಕ್ಷೆ ಕೊಟ್ಟ. ಆ ತಲೆಯನ್ನು ಅಬ್ನೇರನ ಸಮಾಧಿಯಲ್ಲಿ ಮರ್ಯಾದೆಯಿಂದ ಇಡಿಸಿದ.

ನಮ್ಮ ಪಕ್ಕದ ಕೊಡಗಿನ ಚರಿತ್ರೆ ಗೊತ್ತುಂಟಲ್ಲ? ಅಲ್ಲಿಯೂ ಒಂದೇ ರಾಜವಂಶ ಹಾಲೇರಿ, ಹೊರಮಲೆ ಅಂತ ಎರಡು ಕವಲಾಯಿತು. 1766ರಲ್ಲಿ ಚಿಕ್ಕವೀರಪ್ಪ ಮಕ್ಕಳಿಲ್ಲದೆ ತೀರಿಹೋದ ಮೇಲೆ ಎರಡೂ ಕವಲಿನ ಅರಸರು, ಹಾಲೇರಿಯ ಮುದ್ದುರಾಜ ಮತ್ತು ಹೊರಮಲೆಯ ಮುದ್ದಯ್ಯರಾಜ, ಒಟ್ಟಿಗೆ ಆಳಿದ್ರು. ಎಷ್ಟು ಚೆಂದ! ಆದರೆ ಇಬ್ಬರೂ 1770ರಲ್ಲಿ ತೀರಿಹೋದ್ರು. ಮಕ್ಕಳ ಕಾಲಕ್ಕೆ ಜಗಳ. ಹೊರಮಲೆಯ ದೇವಪ್ಪರಾಜ ಪಟ್ಟಕ್ಕೆ ಬಂದ. ಹಾಲೇರಿಯ ಲಿಂಗರಾಜ ಮೈಸೂರಿಗೆ ಹೋಗಿ ಹೈದರಾಲಿಯ ಸಹಾಯ ಕೇಳಿದ. ದೇವಪ್ಪರಾಜ ಓಡಿಹೋದ, ಹರಿಹರದಲ್ಲಿ ಸಿಕ್ಕಿಬಿದ್ದ, ಶ್ರೀರಂಗಪಟ್ಟಣದಲ್ಲಿ ಕುಟುಂಬ ಸಮೇತ ಪ್ರಾಣ ಕಳೆದುಕೊಂಡ. ಹೊರಮಲೆಯ ಕವಲು ಅಲ್ಲಿಗೆ ಮುಗಿಯಿತು. ಕೊಡಗು ಒಂದೇ ಕಿರೀಟದ ಕೆಳಗೆ ಬಂತು. ಬಂತಾ? 1780ರಲ್ಲಿ ಲಿಂಗರಾಜ ತೀರಿಹೋದ ಕೂಡಲೇ, ಸಹಾಯಕ್ಕೆ ಬಂದಿದ್ದ ಹೈದರನೇ ಕೊಡಗನ್ನು ಕೈಗೆ ತೆಗೆದುಕೊಂಡ. ಲಿಂಗರಾಜನ ಮಕ್ಕಳು ಸೆರೆಯಾದ್ರು. ಆ ಮನೆತನದಲ್ಲಿ ರಕ್ತ ಚೆಲ್ಲುವ ಚಾಳಿ ಅಷ್ಟಕ್ಕೇ ನಿಲ್ಲಲಿಲ್ಲ. 1834ರಲ್ಲಿ ಕೊನೆಯ ಅರಸನನ್ನು ಕಂಪನಿ ಸರಕಾರ ಇಳಿಸಿತು. ಸುಳ್ಯ, ಪುತ್ತೂರಿನ ಕಡೆಯ ಅವರ ಸೀಮೆ ನಮ್ಮ ಕೆನರಾ ಜಿಲ್ಲೆಗೆ ಸೇರಿತು.

ಹೊರಗಿನ ಕತ್ತಿ ತಂದು ಒಳಗಿನ ಜಗಳ ಮುಗಿಸಿದವನಿಗೆ ಆಮೇಲೆ ಆ ಕತ್ತಿಯನ್ನು ಹೊರಗೆ ಕಳಿಸಲಿಕ್ಕೆ ಆಗುವುದಿಲ್ಲ. ಇದನ್ನು ಬರ್ಕೊಳ್ಳಿ.

ಈಗ ಸ್ವಲ್ಪ ಹತ್ತಿರದ ಮಾತು. ಒಂದಾದ ಮೇಲೆ ಹಿರಿಯ ಪಾಸ್ಟರ್ ಆಗಿ ಇರುವುದು ಆಚೆಯ ಸಭೆಯ ಪಾಸ್ಟರ್. ನಾನು ಅವರ ಕೈಕೆಳಗೆ ಸೇವೆ ಮಾಡ್ತೇನೆ. ಇದು ನಿರ್ಧಾರ ಆಗಿದೆ, ನಾನು ಮನಸಾರೆ ಒಪ್ಪಿದ್ದೇನೆ. ಇದು ಗೊತ್ತಾದ ಮೇಲೆ ನಮ್ಮ ಸಭೆಯ ಒಬ್ಬರು ಪ್ರೀತಿಯಿಂದಲೇ ನನಗೆ ಒಂದು ಆಡಿಯೋ ಕಳಿಸಿದ್ರು. ಅವರ ಬಗ್ಗೆ, ಅವರ ಮನೆಯ ಬಗ್ಗೆ. ಜೊತೆಗೆ ನಾಲ್ಕು ಸ್ಕ್ರೀನ್‌ಶಾಟ್. ಕೆಳಗೆ ಬರೆದಿತ್ತು: ಪಾಸ್ಟರ್, ಇದನ್ನು ಕಮಿಟಿಗೆ ತೋರಿಸಿದ್ರೆ ಸಾಕು, ಕರ್ತನೇ ನಿಮಗೆ ದಾರಿ ತೆರೆದಿದ್ದಾನೆ.

ಅದು ಎಂತದು ಗೊತ್ತುಂಟಾ? ಅದು ಈಷ್ಬೋಶೆತನ ತಲೆ. ಮಲಗಿದ್ದವನ ಮನೆಯೊಳಗೆ ನುಗ್ಗಿ ಕಡಿದು ತಂದದ್ದು. ನಾನು ಆಡಿಯೋ ಕೇಳಲಿಲ್ಲ, ಡಿಲೀಟ್ ಮಾಡಿದೆ. ಕಳಿಸಿದವರಿಗೆ ಫೋನ್ ಮಾಡಿ, ಇನ್ನು ಮೇಲೆ ಇಂಥದ್ದನ್ನು ನನ್ನ ಬಾಗಿಲಿಗೆ ತರಬೇಡಿ ಅಂದೆ.

ಇಲ್ಲಿ ಒಂದು ಗೆರೆ ಸ್ಪಷ್ಟವಾಗಿ ಹಾಕ್ತೇನೆ. ಯಾರಿಗಾದರೂ ನಿಜವಾದ ಅನ್ಯಾಯ ಆಗಿದ್ರೆ, ಯಾವುದೇ ಸಭೆಯಲ್ಲಿ ಒಬ್ಬ ತಂಗಿಗೆ, ಒಬ್ಬ ಮಗುವಿಗೆ ಹಾನಿಯಾಗಿದ್ರೆ, ಐಕ್ಯದ ಹೆಸರಿನಲ್ಲಿ ಬಾಯಿ ಮುಚ್ಚಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳಬೇಕು. ಹಿರಿಯರಿಗೆ ಹೇಳಬೇಕು, ಕಾನೂನಿಗೆ ಹೇಳಬೇಕಾದದ್ದನ್ನು ಕಾನೂನಿಗೇ ಹೇಳಬೇಕು. ದಾವೀದ ಯೋವಾಬನ ಕೊಲೆಯನ್ನು ಎಲ್ಲರ ಮುಂದೆ ಕೊಲೆ ಅಂತಲೇ ಹೇಳಿದ. ಆದರೆ ಶಿಕ್ಷೆ ಕೊಡಲಿಲ್ಲ, ಚೆರೂಯಳ ಮಕ್ಕಳು ನನಗಿಂತ ಬಲವಾಗಿದ್ದಾರೆ ಅಂದ. ಅದರ ಬೆಲೆಯನ್ನು ಅವನ ರಾಜ್ಯ ಬಹಳ ವರ್ಷ ತೆತ್ತಿತು. ಸತ್ಯ ಹೇಳುವುದು ಬೇರೆ. ತಲೆ ಕಡಿದು ತರುವುದು ಬೇರೆ. ವ್ಯತ್ಯಾಸ ಗೊತ್ತಾಗುವುದು ಹೇಗೆ? ಸತ್ಯ ಹೇಳುವವನಿಗೆ ನೊಂದವರ ಚಿಂತೆ. ತಲೆ ತರುವವನಿಗೆ ತನ್ನ ಬಹುಮಾನದ ಚಿಂತೆ.

3. ಅವನು ಮೂರನೆಯ ಊರಿಗೆ ಹೋದ

ಐದನೇ ಅಧ್ಯಾಯ ಆರನೇ ವಚನ. ಎರಡು ರಾಜ್ಯ ಒಂದಾಯಿತು. ರಾಜಧಾನಿ ಎಲ್ಲಿ? ಹೆಬ್ರೋನಿನಲ್ಲಿ ಅವನಿಗೆ ಮನೆ ಉಂಟು, ಜನ ಉಂಟು, ಏಳೂವರೆ ವರ್ಷದ ನೆನಪು ಉಂಟು. ಆದರೆ ಹೆಬ್ರೋನ್ ಯೆಹೂದದ್ದು. ಉತ್ತರದವರು ಅಲ್ಲಿಗೆ ಬಂದ್ರೆ ಯಾವಾಗಲೂ ಅತಿಥಿಗಳ ಹಾಗೆ ಬಾಗಿಲಲ್ಲಿ ನಿಲ್ಲಬೇಕು. ಸೌಲನ ಊರಿಗೆ ಹೋಗ್ಲಾ? ಯೆಹೂದದವರು ಅಲ್ಲಿ ಪರದೇಶಿಗಳು. ದಾವೀದ ಆರಿಸಿದ್ದು ಯೆರೂಸಲೇಮನ್ನು. ಯೆಹೂದಕ್ಕೂ ಬೆನ್ಯಾಮೀನಿಗೂ ಗಡಿಯಲ್ಲಿದ್ದ ಊರು, ಅಲ್ಲಿಯ ತನಕ ಯೆಬೂಸಿಯರ ಕೈಯಲ್ಲಿದ್ದದ್ದು. ಯಾವ ಕುಲಕ್ಕೂ ಇದು ನಮ್ಮಪ್ಪನ ಊರು ಅಂತ ಹೇಳಲಿಕ್ಕೆ ಇಲ್ಲ. ಅಲ್ಲಿ ಮೂವತ್ತಮೂರು ವರ್ಷ ಆಳಿದ. ಅಲ್ಲಿಗೆ ದೇವರ ಮಂಜೂಷವನ್ನು ತಂದ. ದಾವೀದ ಹೆಬ್ರೋನನ್ನು ಬಿಟ್ಟದ್ದಕ್ಕೆ ನಮಗೆ ಚೀಯೋನ್ ಸಿಕ್ಕಿತು. ಹಲ್ಲೆಲೂಯಾ!

ಈಗ ಅರ್ಥ ಆಯ್ತಲ್ಲ, ಮುಂದಿನ ತಿಂಗಳಿನಿಂದ ಆರಾಧನೆ ಈ ಹಾಲಿನಲ್ಲೂ ಅಲ್ಲ, ಅವರ ಹಾಲಿನಲ್ಲೂ ಅಲ್ಲ, ಪಂಪ್‌ವೆಲ್ ಹತ್ತಿರದ ಬಾಡಿಗೆ ಹಾಲಿನಲ್ಲಿ ಯಾಕೆ ಅಂತ? ಅಲ್ಲಿ ಎಸಿ ಇಲ್ಲ ಅಂತ ಗೊತ್ತುಂಟು. ಪಾರ್ಕಿಂಗಿಗೆ ತೊಂದರೆ ಅಂತಲೂ ಗೊತ್ತುಂಟು. ಆದರೆ ಅಲ್ಲಿ ಯಾರೂ ಮನೆಯ ಯಜಮಾನ ಅಲ್ಲ, ಯಾರೂ ಅತಿಥಿ ಅಲ್ಲ. ವರ್ಷಿಪ್ ಟೀಮ್ ವಿಷಯ. ನಮ್ಮ ಡ್ರಮ್ಸ್, ಅವರ ಕೀಬೋರ್ಡ್, ಯಾರು ಲೀಡ್ ಮಾಡುವುದು, ಕನ್ನಡ ಹಾಡು ಎಷ್ಟು, ತುಳು ಹಾಡು ಎಷ್ಟು. ಇದರ ಬಗ್ಗೆ ನಿನ್ನೆ ರಾತ್ರಿ ಗ್ರೂಪಿನಲ್ಲಿ ಇನ್ನೂರು ಮೆಸೇಜ್ ಬಂದಿದೆ. ನನ್ನ ಮಾತು ಒಂದೇ. ಮೊದಲ ತಿಂಗಳು ಎರಡೂ ಕಡೆಯ ಲೀಡರ್‌ಗಳು ಕೆಳಗೆ ಕೂತು ಹಾಡಲಿ. ಎರಡೂ ಕಡೆಯ ಹೊಸ ಮಕ್ಕಳು ಮೇಲೆ ನಿಲ್ಲಲಿ. ಶ್ರುತಿ ತಪ್ಪಿದ್ರೂ ಪರವಾಗಿಲ್ಲ. ಕರ್ತನು ಶ್ರುತಿ ಪೆಟ್ಟಿಗೆ ಹಿಡಿದು ಕೂತಿಲ್ಲ.

ಆದರೆ ದಾವೀದನ ರಾಜ್ಯವೂ ಒಡೆಯಿತು

ಪ್ರಿಯರೇ, ಇಲ್ಲಿಗೆ ನಿಲ್ಲಿಸಿದ್ರೆ ಇದು ನಾಯಕತ್ವದ ಕ್ಲಾಸ್ ಆಗ್ತದೆ, ಸುವಾರ್ತೆ ಆಗುವುದಿಲ್ಲ. ದಾವೀದ ಸೇರಿಸಿದ ರಾಜ್ಯ ಎಷ್ಟು ಕಾಲ ಬಾಳಿತು? ದಾವೀದ, ಸೊಲೊಮೋನ, ಅಷ್ಟೇ. ಮೊಮ್ಮಗ ರೆಹಬ್ಬಾಮನ ಕಾಲಕ್ಕೆ ಒಡೆಯಿತು. 1 ಅರಸುಗಳು 12. ಉತ್ತರದ ಜನ ಶೆಕೆಮಿನಲ್ಲಿ ಬಂದು ನಮ್ಮ ನೊಗ ಹಗುರ ಮಾಡು ಅಂತ ಕೇಳ್ತಾರೆ. ಹಿರಿಯರು ಹೇಳಿದ್ರು, ಈ ಜನರಿಗೆ ಸೇವಕನಾಗು, ಒಳ್ಳೆಯ ಮಾತಾಡು. ಅವನು ಕೇಳಲಿಲ್ಲ. ಯಾರ ಮಾತು ಕೇಳಿದ? ತನ್ನ ಜೊತೆ ಬೆಳೆದ ಯುವಕರ ಮಾತು. ಗ್ಯಾಂಗಿನ ಮಾತು. ಹಗುರ ಮಾಡಬೇಡ, ಇನ್ನೂ ಭಾರ ಹೇರು ಅಂದ್ರು. ಒಂದೇ ದಿನದಲ್ಲಿ ಹತ್ತು ಕುಲಗಳು ಹೋದವು. ಏಳೂವರೆ ವರ್ಷ ಕಾದು ಕಟ್ಟಿದ್ದನ್ನು ಯುವಕರ ಒಂದು ಡೈಲಾಗ್ ಒಡೆಯಿತು. ಎಚ್ಚರ!

ಕಾರಣ ಎಂತ? ದಾವೀದ ಎರಡು ರಾಜ್ಯಗಳ ತಲೆಯ ಮೇಲೆ ಒಂದು ಕಿರೀಟ ಇಟ್ಟ. ಎರಡು ಹೃದಯಗಳನ್ನು ಒಂದು ಮಾಡಲಿಕ್ಕೆ ಅವನ ಕೈಯಲ್ಲಿ ಆಗಲಿಲ್ಲ. ಅದಕ್ಕೆ ಶತಮಾನಗಳ ನಂತರ, ಎರಡೂ ರಾಜ್ಯಗಳು ಹಾಳಾದ ಮೇಲೆ, ದೇವರು ಸೆರೆಯಲ್ಲಿದ್ದ ಯೆಹೆಜ್ಕೇಲನಿಗೆ ಹೇಳ್ತಾನೆ: ಎರಡು ಕೋಲು ತೆಗೆದುಕೋ. ಒಂದರ ಮೇಲೆ ಯೆಹೂದದ ಹೆಸರು, ಇನ್ನೊಂದರ ಮೇಲೆ ಯೋಸೇಫನ, ಎಫ್ರಾಯೀಮಿನ ಹೆಸರು ಬರೆ. ಎರಡನ್ನೂ ಜೋಡಿಸು, ನಿನ್ನ ಕೈಯಲ್ಲಿ ಒಂದಾಗಲಿ. ಕೋಲುಗಳು ತಾವಾಗಿ ಅಂಟಲಿಲ್ಲ. ಹಿಡಿದ ಕೈ ಒಂದಾಗಿದ್ದಕ್ಕೆ ಅವು ಒಂದಾದವು.

ಆ ಕೈಗೆ ಮೊಳೆ ಹೊಡೆದ್ರು, ದೇವಜನರೇ! ಎಫೆಸ ಎರಡು. ಆತನೇ ನಮ್ಮ ಸಮಾಧಾನ. ನಡುವೆ ಇದ್ದ ಅಡ್ಡಗೋಡೆಯನ್ನು ಆತನು ಕೆಡವಿದ. ಬೇರೆಯವರ ರಕ್ತ ಚೆಲ್ಲಿ ಅಲ್ಲ, ತನ್ನ ರಕ್ತ ಕೊಟ್ಟು. ಲಿಂಗರಾಜ ಒಂದು ಮಾಡಿದ್ದು ದೇವಪ್ಪನ ಮರಣದಿಂದ. ಯೇಸು ಒಂದು ಮಾಡಿದ್ದು ತನ್ನ ಸ್ವಂತ ಮರಣದಿಂದ. ಈ ಅರಸನ ತಲೆಯ ಮೇಲೆ ಇದ್ದದ್ದು ಮುಳ್ಳಿನ ಕಿರೀಟ. ಅದರ ಕೆಳಗೆ ಬರಲಿಕ್ಕೆ ನಾಚಿಕೆ ಯಾಕೆ?

ನೀವು ಬೆಂಗ್ರೆಯ ಕಡೆ ಹೋಗಿ ಅಳಿವೆಯ ಹತ್ತಿರ ನಿಂತು ನೋಡಿ. ನೇತ್ರಾವತಿ ಪೂರ್ವದಿಂದ ಬರ್ತದೆ, ಗುರುಪುರ ಹೊಳೆ ಉತ್ತರದಿಂದ ಬರ್ತದೆ. ಎರಡಕ್ಕೂ ಒಂದೇ ಅಳಿವೆ. ಅಲ್ಲಿ ನಿಂತು ಯಾವ ನೀರು ಯಾವ ಹೊಳೆಯದ್ದು ಅಂತ ಬೇರೆ ಮಾಡಿ ತೋರಿಸಿ ನೋಡೋಣ.

ಈ ವಾರ ಮಾಡಬೇಕಾದ ಮೂರು ಕೆಲಸ

ಒಂದು: ಆಚೆಯ ಸಭೆಯಲ್ಲಿ ನಿಮಗೆ ಮೊದಲು ಸ್ನೇಹಿತರಾಗಿದ್ದ ಒಬ್ಬರು ಇದ್ದಾರೆ. ಅವರಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ಜಾಗದ ವಿಷಯ ಎತ್ತಬೇಡಿ. ಅಮ್ಮ ಹೇಗಿದ್ದಾರೆ ಅಂತ ಕೇಳಿ.

ಎರಡು: ನಿಮ್ಮ ಮೊಬೈಲಿನಲ್ಲಿ ಯಾರದ್ದಾದರೂ ತಲೆ ಉಂಟಾ ನೋಡಿ. ಹಳೆಯ ಸ್ಕ್ರೀನ್‌ಶಾಟ್, ರೆಕಾರ್ಡಿಂಗ್, ಸಮಯ ಬಂದಾಗ ಬೇಕಾಗ್ತದೆ ಅಂತ ಇಟ್ಟದ್ದು. ನೊಂದವರ ನ್ಯಾಯಕ್ಕೆ ಬೇಕಾದದ್ದಾದರೆ ಹಿರಿಯರ ಹತ್ತಿರ ಬನ್ನಿ, ನಾನೂ ಜೊತೆಗೆ ಬರ್ತೇನೆ. ಬರೀ ಗೆಲ್ಲಲಿಕ್ಕೆ ಇಟ್ಟದ್ದಾದರೆ ಇವತ್ತು ರಾತ್ರಿ ಮಲಗುವ ಮೊದಲು ಹೂಣಿಡಿ.

ಮೂರು: ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಆಚೆಯ ಪಾಸ್ಟರ್ ಅವರ ಹೆಸರು ಹೇಳಿ ಪ್ರಾರ್ಥಿಸಿ. ಅವರು ಇನ್ನು ನಿಮ್ಮ ಪಾಸ್ಟರ್.

ಒಬ್ಬ ತಮ್ಮ ನನ್ನನ್ನು ಕೇಳಿದ, ಪಾಸ್ಟರ್, ಇಷ್ಟೆಲ್ಲ ಮಾಡಿಯೂ ಪುನಃ ಒಡೆದ್ರೆ? ಒಡೆಯಬಹುದು. ಒಡೆಯುವುದಿಲ್ಲ ಅಂತ ನಾನು ಪ್ರವಾದನೆ ಹೇಳುವುದಿಲ್ಲ. ಆದರೆ ರೆಹಬ್ಬಾಮ ಒಡೆಯುತ್ತಾನೆ ಅಂತ ದಾವೀದ ಹೆಬ್ರೋನಿನಲ್ಲೇ ಕೂತುಕೊಳ್ಳಲಿಲ್ಲ. ನಮ್ಮ ಕಾಲದಲ್ಲಿ ನಮ್ಮ ಪಾಲಿನ ಕೆಲಸ ನಾವು ಮಾಡೋಣ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ ಬರ್ಲಿ. ಯಾರ ಹೃದಯದಲ್ಲಿ ಪವಿತ್ರಾತ್ಮ ದೇವರು ಒಂದು ಹೆಸರನ್ನು ತೋರಿಸ್ತಾ ಇದ್ದಾರೋ ಅವರು ಮುಂದೆ ಬನ್ನಿ. ಆ ಹೆಸರನ್ನು ನನಗೆ ಹೇಳಬೇಡಿ, ಕರ್ತನಿಗೆ ಹೇಳಿ.

ಪ್ರಾರ್ಥಿಸೋಣ. ಪ್ರೀತಿಯ ತಂದೆಯೇ, ನಿಮ್ಮ ಮಗನು ಹಿಡಿದುಬಿಡುವ ರಾಜ್ಯ ಬೇಡ ಅಂದನು, ತನ್ನನ್ನೇ ಕೊಟ್ಟು ರಾಜ್ಯವನ್ನು ಗಳಿಸಿದನು. ನಮ್ಮ ಕೈಯಲ್ಲಿರುವ ಕತ್ತಿಯನ್ನು ಕೆಳಗಿಡಲಿಕ್ಕೆ ಬಲ ಕೊಡಿ. ಸೇತುವೆಯ ಆಚೆ ಇದೇ ಸಮಯಕ್ಕೆ ಆರಾಧಿಸ್ತಾ ಇರುವ ನಿಮ್ಮ ಮಕ್ಕಳನ್ನು ಆಶೀರ್ವದಿಸಿ. ಅವರ ಪಾಸ್ಟರನ್ನು, ಅವರ ಮನೆಯವರನ್ನು ಕಾಪಾಡಿ. ಎಂಟು ವರ್ಷ ಬೇರೆ ಬೇರೆ ಮೇಜಿನಲ್ಲಿ ಮುರಿದ ರೊಟ್ಟಿಯನ್ನು ಮೊದಲ ಭಾನುವಾರ ಒಂದೇ ಮೇಜಿನಲ್ಲಿ ಮುರಿಯುವಾಗ ನಮ್ಮಲ್ಲಿ ಯಾರೂ ಹೊರಗೆ ಉಳಿಯದ ಹಾಗೆ ಮಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಕೂತ್ಕೊಳ್ಳಿ. ಒಂದು ಪ್ರಕಟಣೆ. ಪಂಪ್‌ವೆಲ್ ಹಾಲನ್ನು ಗುಡಿಸಿ ಒರೆಸಲಿಕ್ಕೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಎರಡೂ ಸಭೆಯ ಯುವಕರು ಸೇರ್ತಾರೆ. ಹಿಡಿಸೂಡಿ ನೀವೇ ತನ್ನಿ. ಚಾ, ಬನ್ಸ್ ಆಚೆಯ ಸಭೆಯ ಅಕ್ಕಂದಿರು ತರ್ತಾರಂತೆ.